ನಕ್ಷೆಗೆ ಮುಂಚೆ ನೆಲ: ಭೂದೃಶ್ಯ ವಿನ್ಯಾಸಕ್ಕಾಗಿ ನಿವೇಶನದ ಸರ್ವೆ, ದಾಖಲೆ ಮತ್ತು ವಿಶ್ಲೇಷಣೆ

ಅಳತೆ ಅಡ್ಡಕ್ಕೆ 10 ಸೆಂ.ಮೀ. ತಪ್ಪಿದರೆ ಒಂದು ಗಿಡ ಅಷ್ಟು ಆಚೆ ಬೀಳುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಎತ್ತರದಲ್ಲಿ ಅಷ್ಟೇ ತಪ್ಪಿದರೆ ನೀರು ಹೊಸ್ತಿಲ ಕಡೆ ತಿರುಗುತ್ತದೆ. ಶೇ. 1ರ ಇಳಿಜಾರಿನಲ್ಲಿ ಹಾಸಿದ 10 ಮೀ. ಕಲ್ಲುಹಾಸಿಗೆ ಸಿಗುವ ಒಟ್ಟು ಇಳಿತವೇ 10 ಸೆಂ.ಮೀ. ಆ ಒಂದು ತಪ್ಪು ಇಡೀ ಇಳಿತವನ್ನು ನುಂಗಿಬಿಡುತ್ತದೆ. ಆದ್ದರಿಂದ ಸರ್ವೆಗೆ ಇರುವ ಸಮಯದಲ್ಲಿ ಹೆಚ್ಚಿನ ಪಾಲು ಎತ್ತರ ಅಳೆಯುವುದಕ್ಕೆ, ಅಂದರೆ ಲೆವೆಲ್‌ಗೆ ಹೋಗಬೇಕು. ಉದ್ದ ಅಗಲ ಎಲ್ಲರೂ ಅಳೆಯುತ್ತಾರೆ, ಕೆಲಸ ಕೆಡುವುದು ಎತ್ತರದಲ್ಲಿ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ದಾಖಲೆ ಬೇರೆ, ವಿಶ್ಲೇಷಣೆ ಬೇರೆ. "ಈಶಾನ್ಯ ಮೂಲೆಯಲ್ಲಿ ಶೇ. 18 ಇಳಿಜಾರು" ಎನ್ನುವುದು ದಾಖಲೆ. "ಅಲ್ಲಿ ಕಾರು ನಿಲ್ಲಿಸುವ ಜಾಗ ಬೇಡ" ಎನ್ನುವುದು ವಿಶ್ಲೇಷಣೆ. ಎರಡನ್ನೂ ಒಂದೇ ಹಾಳೆಯಲ್ಲಿ ಕಲಸಿದರೆ, ನಾಳೆ ಪಾರ್ಕಿಂಗ್ ಬದಲು ಮಕ್ಕಳ ಆಟದ ಜಾಗ ಬೇಕು ಎಂದಾಗ ಯಾವುದು ನೆಲದ ಸತ್ಯ, ಯಾವುದು ನಿಮ್ಮ ಅಭಿಪ್ರಾಯ ಎಂದು ಬಿಡಿಸಲು ಆಗುವುದಿಲ್ಲ. ದಾಖಲೆ ಹಾಳೆ ಹಾಗೆಯೇ ಉಳಿಯಲಿ. ಉದ್ದೇಶ ಬದಲಾದಾಗ ವಿಶ್ಲೇಷಣೆಯ ಹಾಳೆಯನ್ನು ಮಾತ್ರ ಮತ್ತೆ ಬರೆಯಿರಿ.

ಹೊರಡುವ ಮೊದಲು

ಸಿಗುವ ಕಾಗದಗಳನ್ನೆಲ್ಲ ಕೂಡಿಸಿ: ಹಕ್ಕುಪತ್ರದ ನಕ್ಷೆ, ಹಳೆಯ ಸರ್ವೆ, ಕಟ್ಟಡದ ನಕ್ಷೆ, ನೀರು, ಒಳಚರಂಡಿ ಮತ್ತು ವಿದ್ಯುತ್ ಮಾರ್ಗಗಳ ವಿವರ, ಮಣ್ಣು ಪರೀಕ್ಷೆಯ ವರದಿ, ಉಪಗ್ರಹ ಚಿತ್ರ. ಕಟ್ಟಲು ಬಿಡಬೇಕಾದ ಅಂತರ, ಬೇರೆಯವರಿಗೆ ದಾರಿ ಹಕ್ಕು, ಮೇಲೆ ಹಾದುಹೋದ ತಂತಿಯ ಕೆಳಗಿನ ನಿರ್ಬಂಧ, ಇವು ನೆಲದ ಮೇಲೆ ಕಾಣುವುದಿಲ್ಲ, ಕಾಗದದಲ್ಲಿ ಮಾತ್ರ ಇರುತ್ತವೆ. ಹಳೆಯ ನಕ್ಷೆಯ ಜೆರಾಕ್ಸ್ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಪ್ರಿಂಟರ್ "ಪುಟಕ್ಕೆ ಹೊಂದಿಸು" ಎಂದು ಶೇ. 3-4 ಕುಗ್ಗಿಸಿರುತ್ತದೆ. ನಕ್ಷೆಯಲ್ಲಿ ಬಾರ್ ಸ್ಕೇಲ್ (ದೂರ ಗುರುತಿಸಿದ ಪಟ್ಟಿ) ಇದ್ದರೆ ಅದನ್ನು ಮೊದಲು ಅಳೆದು ನೋಡಿ.

ಅಳೆದದ್ದನ್ನೆಲ್ಲ ಬರೆಯುವ ಮೂಲ ನಕ್ಷೆಯ, ಅಂದರೆ ಬೇಸ್ ಮ್ಯಾಪ್‌ನ ಅಳತೆಪ್ರಮಾಣವನ್ನು ಮುಂಚೆಯೇ ತೀರ್ಮಾನಿಸಿ, ಏಕೆಂದರೆ ಎಷ್ಟು ಸೂಕ್ಷ್ಮವಾಗಿ ಅಳೆಯಬೇಕೆಂದು ಅದು ಹೇಳುತ್ತದೆ. ಎ1 ಹಾಳೆ 594 × 841 ಮಿ.ಮೀ. 1:100ರಲ್ಲಿ ಅದರ ಮೇಲೆ ಸುಮಾರು 59 × 84 ಮೀ. ಜಾಗ ಕೂರುತ್ತದೆ, 1:200ರಲ್ಲಿ 118 × 168 ಮೀ. ಮನೆಯಂಗಳಕ್ಕೆ 1:100, ಶಾಲೆ ಅಥವಾ ಸಣ್ಣ ಉದ್ಯಾನಕ್ಕೆ 1:200, ಅದಕ್ಕೂ ದೊಡ್ಡದಕ್ಕೆ 1:500. ಒಂದು ಗೆರೆಯೇ ಕಾಗದದ ಮೇಲೆ ಅರ್ಧ ಮಿ.ಮೀ. ದಪ್ಪ ಇದ್ದರೆ 1:500ರಲ್ಲಿ ಅದು ನೆಲದ 25 ಸೆಂ.ಮೀ. ಅಲ್ಲಿ ಮರದ ಸ್ಥಾನವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಹುಡುಕುತ್ತಾ ಕೂರುವುದು ವ್ಯರ್ಥ.

ಜೊತೆಗೆ ಬೇಕಾದವು: 30 ಮೀ. ಟೇಪ್ ಎರಡು, 5 ಮೀ. ಕೈಟೇಪ್ ಒಂದು, ಆಟೋ ಲೆವೆಲ್ (ಸಮತಲವಾಗಿ ನೋಡುವ ದೂರದರ್ಶಕ), ಟ್ರೈಪಾಡ್, 4 ಮೀ. ಸ್ಟಾಫ್ (ಅಳತೆ ಗುರುತಿನ ಕೋಲು), ಗೂಟ, ಸುತ್ತಿಗೆ, ನೈಲಾನ್ ದಾರ, ತೂಗುಗುಂಡು, ರಸಮಟ್ಟ, ಬಣ್ಣದ ಸ್ಪ್ರೇ, ದಿಕ್ಸೂಚಿ, ಸಲಿಕೆ, ಮಣ್ಣು ಕೊರೆಯುವ ಆಗರ್, ಪ್ಲಾಸ್ಟಿಕ್ ಚೀಲ. ಬರೆಯಲು ಪೆನ್ಸಿಲ್. ತಪ್ಪಾದ ಅಂಕಿಯನ್ನು ರಬ್ಬರ್‌ನಿಂದ ಅಳಿಸದೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಸಂಜೆ ಲೆಕ್ಕ ಕೂಡದಿದ್ದಾಗ ಹೊಡೆದುಹಾಕಿದ ಅಂಕಿಯೇ ಎಷ್ಟೋ ಸಲ ಸರಿ ಇರುತ್ತದೆ.

ಟೇಪ್ ಅಳತೆ

ಅಳೆಯುವ ಮೊದಲು ಇಡೀ ಜಾಗವನ್ನು ಒಂದು ಸುತ್ತು ಬರಿಗೈಯಲ್ಲಿ ನಡೆದು, ಕೈಯಿಂದ ಒರಟು ಚಿತ್ರ ಬರೆದುಕೊಳ್ಳಿ. ನಂತರ ಉದ್ದಕ್ಕೂ ಕಾಣುವ ಒಂದು ಮೂಲಗೆರೆ ಹಿಡಿಯಿರಿ. ಸಾಮಾನ್ಯವಾಗಿ ಕಟ್ಟಡದ ಒಂದು ಗೋಡೆ, ಅಥವಾ ಎರಡು ಗೂಟದ ನಡುವೆ ಬಿಗಿದ ದಾರ. ಟೇಪಿನ ಸೊನ್ನೆಯನ್ನು ಒಂದು ತುದಿಯಲ್ಲಿ ಹಿಡಿದು ಕಿಟಕಿ, ಬಾಗಿಲು, ಮೂಲೆ ಎಲ್ಲವನ್ನೂ ಅದೇ ಸೊನ್ನೆಯಿಂದ ಓದಿ. ತುಂಡು ತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ ತಪ್ಪೂ ಮುಂದಿನದಕ್ಕೆ ಸೇರಿಕೊಳ್ಳುತ್ತದೆ.

ಮೂಲಗೆರೆಯಿಂದ ಹತ್ತಿರ ಇರುವುದನ್ನು ಲಂಬ ದೂರದಿಂದ ಹಿಡಿಯಬಹುದು. ಬಿಂದುವಿನ ಮೇಲೆ ಟೇಪಿನ ಸೊನ್ನೆ ಇಟ್ಟು ಮೂಲಗೆರೆಯ ಮೇಲೆ ಟೇಪನ್ನು ಬಿಲ್ಲಿನಂತೆ ಆಡಿಸಿ. ಓದು ಎಲ್ಲಿ ಅತಿ ಕಡಿಮೆ ಬರುತ್ತದೋ ಅದೇ ಲಂಬ. 5-6 ಮೀ.ಗಿಂತ ದೂರಕ್ಕೆ ಇದನ್ನು ನಂಬಬೇಡಿ, 3-4-5 ಮೀ. ಬದಿಗಳ ಲಂಬಕೋನ ತ್ರಿಕೋನ ಹಾಕಿ, ಜಾಗ ಇದ್ದರೆ 6-8-10. ಇನ್ನೂ ದೂರದ ಮರ, ಬಾವಿ, ಬೇಲಿ ಮೂಲೆಗೆ ಎರಡು ತಿಳಿದ ಬಿಂದುಗಳಿಂದ ಅಳೆದು ತ್ರಿಕೋನ ಕಟ್ಟಬೇಕು. ಮೂರನೆಯ ಬಿಂದುವಿನಿಂದಲೂ ಒಂದು ಅಳತೆ ತೆಗೆದುಕೊಳ್ಳಿ, ಅದು ಪರೀಕ್ಷೆಗೆ. ತ್ರಿಕೋನದ ಕೋನ 30 ಡಿಗ್ರಿಗಿಂತ ಚೂಪಾಗಿದ್ದರೆ, 120ಕ್ಕಿಂತ ಚಪ್ಪಟೆಯಾಗಿದ್ದರೆ ಬಿಂದು ಕಾಗದದ ಮೇಲೆ ಜಾರಾಡುತ್ತದೆ.

ಟೇಪ್ ಅಳತೆಯಲ್ಲಿ ಜನ ಮರೆಯುವುದು ಇಳಿಜಾರು. ನಕ್ಷೆಗೆ ಬೇಕಾದದ್ದು ಸಮತಲದ ದೂರ. ಶೇ. 10 ಇಳಿಜಾರಿನ ನೆಲಕ್ಕೆ ಒರಗಿಸಿ ಎಳೆದ 30 ಮೀ. ಟೇಪ್ ನಿಜಕ್ಕೂ 29.85 ಮೀ. ಶೇ. 20ರಲ್ಲಿ 29.42 ಮೀ., ಅಂದರೆ ಅರ್ಧ ಮೀಟರಿಗೂ ಹೆಚ್ಚು ಕಾಣೆ. ಮೆಟ್ಟಿಲು ಮೆಟ್ಟಿಲಾಗಿ, 5-10 ಮೀ.ನಂತೆ, ಟೇಪನ್ನು ಅಡ್ಡಕ್ಕೆ ಸಮನಾಗಿ ಹಿಡಿದು ತೂಗುಗುಂಡಿನಿಂದ ಬಿಂದು ಇಳಿಸುತ್ತಾ ಹೋಗಿ. ಬಿಸಿಲಿಗೆ ಟೇಪ್ ಹಿಗ್ಗುತ್ತದೆಂಬ ಚಿಂತೆ ಬೇಡ: 30 ಮೀ. ಸ್ಟೀಲ್ ಟೇಪ್ 20 ಡಿಗ್ರಿ ಏರಿದರೆ 7 ಮಿ.ಮೀ. ಮಾತ್ರ. ಫೈಬರ್ ಟೇಪನ್ನು ಹುರುಪಿನಿಂದ ಜಗ್ಗಿದರೆ ಅದಕ್ಕಿಂತ ಹೆಚ್ಚು ಹಿಗ್ಗುತ್ತದೆ.

ಬೇಲಿಯೇ ಗಡಿ ಎಂದು ಹಿಡಿಯಬೇಡಿ. ಬೇಲಿ ಎಲ್ಲಿದೆ, ಗಡಿಕಲ್ಲು ಎಲ್ಲಿದೆ, ಎರಡನ್ನೂ ಬೇರೆ ಗೆರೆಯಲ್ಲಿ ತೋರಿಸಿ. ಅವು ಕೂಡದಿದ್ದರೆ ಅದನ್ನು ಬಿಡಿಸುವುದು ಅಧಿಕೃತ ಸರ್ವೆಯರ್ ಕೆಲಸ, ವಿನ್ಯಾಸಕರದ್ದಲ್ಲ. ಕಟ್ಟಡದ ಮೂಲೆಗಳೂ 90 ಡಿಗ್ರಿ ಎಂದು ಭಾವಿಸದೆ ಕರ್ಣ ಅಳೆಯಿರಿ.

ಲೆವೆಲ್ ತೆಗೆಯುವುದು

ಮೊದಲು ಉಪಕರಣವನ್ನೇ ಪರೀಕ್ಷಿಸಿ. 60 ಮೀ. ದೂರದಲ್ಲಿ ಎರಡು ಗೂಟ ಹೊಡೆಯಿರಿ. ಲೆವೆಲನ್ನು ಸರಿಯಾಗಿ ನಡುವೆ ನಿಲ್ಲಿಸಿ ಎರಡರ ಮೇಲೂ ಸ್ಟಾಫ್ ಓದಿ: 1.320 ಮತ್ತು 1.570 ಬಂದರೆ ನಿಜವಾದ ವ್ಯತ್ಯಾಸ 0.250. ದೂರ ಎರಡೂ ಕಡೆ ಸಮನಾಗಿರುವುದರಿಂದ ಉಪಕರಣದ ದೋಷ ಪರಸ್ಪರ ಕಳೆದುಹೋಗಿರುತ್ತದೆ. ಈಗ ಲೆವೆಲನ್ನು ಮೊದಲ ಗೂಟದ ಪಕ್ಕಕ್ಕೆ, 3 ಮೀ. ದೂರಕ್ಕೆ ತಂದು ಮತ್ತೆ ಓದಿ. 1.410 ಮತ್ತು 1.672 ಬಂದರೆ ವ್ಯತ್ಯಾಸ 0.262. ಹೆಚ್ಚಾದ 12 ಮಿ.ಮೀ. ಉಪಕರಣದ್ದು, ಪ್ರತಿ 10 ಮೀ.ಗೆ 2 ಮಿ.ಮೀ. ತಪ್ಪು ತೋರಿಸುತ್ತಿದೆ. 3 ಮಿ.ಮೀ.ವರೆಗೆ ಬಿಟ್ಟುಬಿಡಬಹುದು, 12 ಆದರೆ ರಿಪೇರಿಗೆ ಕಳಿಸಿ. ತುರ್ತಾದರೆ ಹಿಂದಿನ ಓದು (ಎತ್ತರ ತಿಳಿದ ಬಿಂದುವಿನ ಮೇಲಿನ ಓದು), ಮುಂದಿನ ಓದು (ಉಪಕರಣ ಸರಿಸುವ ಮುಂಚಿನ ಕೊನೆಯ ಓದು) ಎರಡನ್ನೂ ಸಮ ದೂರದಲ್ಲಿ ಇಟ್ಟುಕೊಂಡು ಕೆಲಸ ನಡೆಸಬಹುದು.

ಬೆಂಚ್‌ಮಾರ್ಕ್ (ಎಲ್ಲ ಎತ್ತರಕ್ಕೂ ಆಧಾರವಾಗುವ ಬಿಂದು) ಆಗಿ ಕೆಲಸ ಮುಗಿಯುವವರೆಗೆ ಯಾರೂ ಒಡೆಯದ ಗಟ್ಟಿ ಬಿಂದು ಆರಿಸಿ: ಕಟ್ಟಡದ ಮೆಟ್ಟಿಲಿನ ಮೂಲೆ, ಕಲ್ಲಿನ ಕಂಬದ ಬುಡ. ಮರಕ್ಕೆ ಹೊಡೆದ ಮೊಳೆ, ಕಾಂಪೌಂಡ್ ಕಟ್ಟುವಾಗ ಕಿತ್ತುಹೋಗುವ ಗೂಟ ಬೇಡ. ಆರಿಸಿದ ಬಿಂದುವಿಗೆ 100.000 ಮೀ. ಎತ್ತರ ಎಂದು ಕೊಡಿ. 0 ಕೊಟ್ಟರೆ ತಗ್ಗಿನ ಜಾಗಗಳೆಲ್ಲ ಋಣ ಸಂಖ್ಯೆಯಾಗಿ ಲೆಕ್ಕ ತಲೆಕೆಳಗಾಗುತ್ತದೆ. ಬಿಂದುವಿನ ಫೋಟೊ ತೆಗೆದು ನಕ್ಷೆಗೆ ಅಂಟಿಸಿ. ಇನ್ನೊಂದು ಬೆಂಚ್‌ಮಾರ್ಕನ್ನು ಜಾಗದ ಆ ತುದಿಯಲ್ಲಿ ಇಟ್ಟುಕೊಂಡರೆ ಮೊದಲನೆಯದು ಹೋದ ದಿನ ಬದುಕಿದಿರಿ.

ಪುಸ್ತಕದಲ್ಲಿ ಬರೆಯುವ ಕ್ರಮ ಹೀಗೆ. ಬೆಂಚ್‌ಮಾರ್ಕ್ ಮೇಲೆ ಹಿಂದಿನ ಓದು 1.245. ಹಾಗಾದರೆ ಉಪಕರಣದ ಎತ್ತರ 101.245. ಎ ಬಿಂದುವಿನಲ್ಲಿ ಓದು 1.880, ಅದನ್ನು ಕಳೆದರೆ ಎತ್ತರ 99.365. ಅಲ್ಲಿಂದ 10 ಮೀ. ಕೆಳಗೆ ಬಿ ಬಿಂದುವಿನಲ್ಲಿ 2.410, ಎತ್ತರ 98.835. ಇನ್ನು ಮುಂದೆ ಕಾಣದು, ಉಪಕರಣ ಸರಿಸಬೇಕು. ಒಂದು ಗಟ್ಟಿ ಕಲ್ಲಿನ ಮೇಲೆ ಮುಂದಿನ ಓದು 2.735, ಎತ್ತರ 98.510. ಲೆವೆಲ್ ಸರಿಸಿ ಅದೇ ಕಲ್ಲಿನ ಮೇಲೆ ಹಿಂದಿನ ಓದು 0.960, ಉಪಕರಣದ ಹೊಸ ಎತ್ತರ 99.470. ಚರಂಡಿಯ ಮ್ಯಾನ್‌ಹೋಲ್ ಮುಚ್ಚಳದ ಮೇಲೆ 1.655, ಎತ್ತರ 97.815. ಎರಡನೆಯ ಕಲ್ಲಿನ ಮೇಲೆ ಮುಂದಿನ ಓದು 0.415, ಎತ್ತರ 99.055. ಮತ್ತೆ ಸರಿಸಿ ಹಿಂದಿನ ಓದು 2.130, ಉಪಕರಣ 101.185. ಕೊನೆಗೆ ಹೊರಟ ಬೆಂಚ್‌ಮಾರ್ಕ್‌ಗೇ ಬಂದು 1.181, ಎತ್ತರ 100.004.

ಹಿಂದಿನ ಓದುಗಳ ಮೊತ್ತ 4.335, ಮುಂದಿನ ಓದುಗಳ ಮೊತ್ತ 4.331. ವ್ಯತ್ಯಾಸ 0.004, ಎತ್ತರದ ವ್ಯತ್ಯಾಸವೂ 0.004, ಲೆಕ್ಕ ಕೂಡಿತು. ಸುತ್ತಿ ಬಂದದ್ದು 200 ಮೀ. ಆದರೆ ಒಪ್ಪಬಹುದಾದ ತಪ್ಪು (ಮಿ.ಮೀ.ನಲ್ಲಿ) 12 × √ದೂರ (ಕಿ.ಮೀ.), ಇಲ್ಲಿ 12 × √0.2, ಅಂದರೆ ಸುಮಾರು 5 ಮಿ.ಮೀ. 4 ಬಂದಿದೆ, ಸರಿ. ಇಲ್ಲಿ ಒಂದು ಮೋಸ ಇದೆ. ಎ, ಬಿ, ಮ್ಯಾನ್‌ಹೋಲ್, ಈ ಮಧ್ಯದ ಓದುಗಳು ಈ ಪರೀಕ್ಷೆಯೊಳಗೆ ಬರುವುದೇ ಇಲ್ಲ. ಮ್ಯಾನ್‌ಹೋಲ್ ಓದನ್ನು 1.655ರ ಬದಲು 1.565 ಎಂದು ಬರೆದುಕೊಂಡಿದ್ದರೂ ಲೆಕ್ಕ ಹೀಗೆಯೇ ಚೆನ್ನಾಗಿ ಕೂಡುತ್ತದೆ. ಆದ್ದರಿಂದ ವಿನ್ಯಾಸವನ್ನು ನಿರ್ಧರಿಸುವ ಬಿಂದುಗಳನ್ನು, ಅಂದರೆ ಹೊಸ್ತಿಲು, ಮ್ಯಾನ್‌ಹೋಲ್, ರಸ್ತೆಯ ಅಂಚು, ಉಳಿಸಬೇಕಾದ ಮರದ ಬುಡ ಇವನ್ನು, ಉಪಕರಣ ನಿಂತ ಇನ್ನೊಂದು ಜಾಗದಿಂದ ಎರಡನೆಯ ಸಲ ಓದಿ.

ಸ್ಟಾಫ್ ವಾಲಿದರೆ ಓದು ಯಾವಾಗಲೂ ಹೆಚ್ಚೇ ಬರುತ್ತದೆ, ಕಡಿಮೆ ಎಂದಿಗೂ ಇಲ್ಲ, 3 ಮೀ. ಓದಿನಲ್ಲಿ 5 ಡಿಗ್ರಿ ವಾಲಿದರೆ 11 ಮಿ.ಮೀ. ಹಿಡಿದವರಿಗೆ ಸ್ಟಾಫನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಲು ಹೇಳಿ, ಕಂಡ ಅತಿ ಕಡಿಮೆ ಓದನ್ನು ಬರೆದುಕೊಳ್ಳಿ. ಉಪಕರಣ ಸರಿಸುವಾಗ ನಡುವಿನ ಬಿಂದು ಮೆತ್ತನೆ ಮಣ್ಣಿನ ಮೇಲಿದ್ದರೆ ಸ್ಟಾಫ್ ಕೆಳಗೆ ಇಳಿಯುತ್ತದೆ. ಸ್ಟಾಫಿನ ಜೋಡಣೆ ಪೂರ್ತಿ ಬಿಚ್ಚಿ ಕ್ಲಿಕ್ ಆಗದೆ ಇದ್ದುದೂ ಸಾಮಾನ್ಯ ತಪ್ಪು.

ಎಲ್ಲಿ ಓದಬೇಕು? ಸಪಾಟು ಜಾಗದಲ್ಲಿ 10 ಮೀ. ಚೌಕ, ಏರಿಳಿತ ಇದ್ದಲ್ಲಿ 5 ಮೀ. ಆದರೆ ಚೌಕ ಒಂದೇ ಸಾಲದು. ನೆಲದ ಇಳಿಜಾರು ಎಲ್ಲಿ ಬದಲಾಗುತ್ತದೋ ಅಲ್ಲೆಲ್ಲ ಬೇಕು: ಬದುವಿನ ತಲೆ ಮತ್ತು ಬುಡ, ಚರಂಡಿಯ ಎರಡು ದಡ ಮತ್ತು ತಳ, ಮೆಟ್ಟಿಲಿನ ಮೇಲು ಕೆಳಗು. 1 ಮೀ. ಎತ್ತರದ ಬದು ಎರಡು ಚೌಕಬಿಂದುಗಳ ನಡುವೆ ಬಿದ್ದರೆ ನಕ್ಷೆಯಲ್ಲಿ ಅದು ಮೆಲ್ಲಗೆ ಇಳಿಯುವ ಹುಲ್ಲುಗಾವಲಾಗಿ ಕಾಣುತ್ತದೆ. ಗಡಿಯ ಆಚೆಗೂ 5-10 ಮೀ. ಲೆವೆಲ್ ತೆಗೆಯಿರಿ. ನೀರು ಎಲ್ಲಿಂದ ಬರುತ್ತದೆಂದು ಗಡಿಯೊಳಗೇ ನಿಂತು ಗೊತ್ತಾಗುವುದಿಲ್ಲ.

ಆಟೋ ಲೆವೆಲ್ ಇಲ್ಲದ ಚಿಕ್ಕ ಅಂಗಳಕ್ಕೆ ನೀರು ತುಂಬಿದ ಪಾರದರ್ಶಕ ಪೈಪ್ ಸಾಕು, ಆದರೆ ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಎರಡು ತುದಿಯ ನೀರು ಸುಳ್ಳು ಹೇಳುತ್ತದೆ. ಎರಡು ತುದಿಯನ್ನೂ ಪಕ್ಕಪಕ್ಕ ಹಿಡಿದು ನೀರು ಸಮ ಇದೆಯೇ ನೋಡಿ, ಆಮೇಲೆ ಶುರುಮಾಡಿ.

ಡ್ರೋನ್, ಜಿಪಿಎಸ್

ಆರ್‌ಟಿಕೆ (ತಿದ್ದುಪಡಿ ಪಡೆಯುವ ನಿಖರ ಜಿಪಿಎಸ್) ಉಪಕರಣ ತೆರೆದ ಆಕಾಶದ ಕೆಳಗೆ ಅಡ್ಡಕ್ಕೆ 1-2 ಸೆಂ.ಮೀ. ಕೊಡುತ್ತದೆ, ಎತ್ತರಕ್ಕೆ ಅದರ ಒಂದೂವರೆ ಎರಡರಷ್ಟು ತಪ್ಪು. ಮರದ ಕೆಳಗೆ, ಎತ್ತರದ ಗೋಡೆಯ ಪಕ್ಕ ಅದರ ಮಾತು ನಂಬಬೇಡಿ. ಫೋನಿನ ಜಿಪಿಎಸ್ ಹಲವು ಮೀಟರ್ ಆಚೀಚೆ. ಮರದ ಪಟ್ಟಿಗೂ ಸಾಲದು. ಡ್ರೋನ್ ಚಿತ್ರ ದೊಡ್ಡ ಬಯಲಿಗೆ ಅದ್ಭುತ, ಆದರೆ ಅದು ನೆಲವನ್ನಲ್ಲ, ಹುಲ್ಲಿನ ತಲೆಯನ್ನು ನೋಡುತ್ತದೆ. ಮೊಣಕಾಲುದ್ದ ಹುಲ್ಲಿದ್ದರೆ ನಿಮ್ಮ ಕಾಂಟೂರ್ (ಸಮಾನ ಎತ್ತರದ ಬಿಂದುಗಳನ್ನು ಸೇರಿಸುವ ಗೆರೆ) ಅಷ್ಟು ಮೇಲೆ. ಚಿತ್ರಗಳು ಹಾರುವ ದಿಕ್ಕಿನಲ್ಲಿ ಶೇ. 75-80, ಪಕ್ಕಕ್ಕೆ ಶೇ. 60-70 ಒಂದರ ಮೇಲೊಂದು ಬರಬೇಕು. ನಾಲ್ಕು ಮೂಲೆ ಮತ್ತು ನಡುವೆ, ಕನಿಷ್ಠ 5 ಗುರುತುಬಿಂದುಗಳನ್ನು ನೆಲದ ಮೇಲೆ ಅಳೆದಿರಬೇಕು. ಉಪಗ್ರಹ ಕೊಡುವ ಎತ್ತರ ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ದೀರ್ಘಗೋಲದಿಂದ ಅಳೆದದ್ದು, ಸಮುದ್ರಮಟ್ಟದಿಂದಲ್ಲ; ಎರಡರ ನಡುವೆ ಹತ್ತಾರು ಮೀಟರ್ ಅಂತರ ಇರಬಹುದು. ಒಂದೇ ನಕ್ಷೆಯಲ್ಲಿ ಎರಡನ್ನೂ ಬೆರೆಸಿದವರ ಕಾಂಟೂರಿನಲ್ಲಿ ದಿಢೀರನೆ ಪ್ರಪಾತ ಹುಟ್ಟುತ್ತದೆ.

ಕಾಂಟೂರ್ ಮತ್ತು ಇಳಿಜಾರು

ಮೇಲಿನ ಎ ಬಿಂದು 99.365, ಬಿ ಬಿಂದು 98.835, ನಡುವೆ 10 ಮೀ. 99.00 ಗೆರೆ ಎಲ್ಲಿ ಹಾಯುತ್ತದೆ? ಒಟ್ಟು ಇಳಿತ 0.530, ಎಯಿಂದ 0.365 ಇಳಿಯಬೇಕು. 0.365 ÷ 0.530 × 10 = 6.89 ಮೀ. ಎಯಿಂದ ಅಷ್ಟು ದೂರದಲ್ಲಿ ಚುಕ್ಕೆ. ಹೀಗೆ ಎಲ್ಲ ಚೌಕಗಳ ಅಂಚಿನಲ್ಲೂ ಚುಕ್ಕೆ ಇಟ್ಟು ಜೋಡಿಸಿ. ತಂತ್ರಾಂಶ ಇದನ್ನು ಕ್ಷಣದಲ್ಲಿ ಮಾಡುತ್ತದೆ, ಆದರೆ ಬದುವಿನ ತಲೆ ಮತ್ತು ಬುಡವನ್ನು ಒಡೆಗೆರೆ (ಇಳಿಜಾರು ಒಮ್ಮೆಲೇ ಬದಲಾಗುವ ಗೆರೆ) ಎಂದು ನೀವು ಹೇಳಿಕೊಡದಿದ್ದರೆ ಬದುವಿನ ಮೇಲೇ ಅಡ್ಡಾದಿಡ್ಡಿ ತ್ರಿಕೋನ ಕಟ್ಟುತ್ತದೆ. ಕಟ್ಟಡದೊಳಗೂ ಕಾಂಟೂರ್ ಎಳೆಯುತ್ತದೆ, ಅದನ್ನು ಕತ್ತರಿಸಿ ತೆಗೆಯಿರಿ.

ಎಳೆದ ಮೇಲೆ ಕಣ್ಣಿನಿಂದ ಓದಿ. ಗೆರೆಗಳು ಏರಿನ ಕಡೆಗೆ ಮೂತಿ ಮಾಡಿದ್ದರೆ ಅದು ಕಣಿವೆ, ಇಳಿಜಾರಿನ ಕಡೆಗೆ ಮೂತಿ ಮಾಡಿದ್ದರೆ ದಿಣ್ಣೆ. ಕಾಂಟೂರ್‌ಗಳು ಒಂದನ್ನೊಂದು ದಾಟುವುದಿಲ್ಲ, ಕವಲೊಡೆಯುವುದಿಲ್ಲ. ಒಡೆದಿದ್ದರೆ ಯಾವುದೋ ಓದು ತಪ್ಪಿದೆ.

ಇಳಿಜಾರಿನ ನಕ್ಷೆಗೆ ಕಾಗದದ ಪಟ್ಟಿಯೊಂದೇ ಸಾಕು. 1:200 ಅಳತೆಪ್ರಮಾಣ, ಅರ್ಧ ಮೀಟರ್ ಎತ್ತರಕ್ಕೊಂದು ಕಾಂಟೂರ್ ಆದರೆ ಎರಡು ಗೆರೆಗಳ ನಡುವಿನ ಅಂತರ ಶೇ. 2ಕ್ಕೆ 125 ಮಿ.ಮೀ., ಶೇ. 5ಕ್ಕೆ 50, ಶೇ. 8.33ಕ್ಕೆ 30, ಶೇ. 25ಕ್ಕೆ 10, ಶೇ. 33ಕ್ಕೆ 7.5. ಪಟ್ಟಿಯ ಮೇಲೆ ಈ ಗುರುತು ಹಾಕಿ, ಗೆರೆಗಳಿಗೆ ಲಂಬವಾಗಿ ಹಿಡಿದು ನಕ್ಷೆಯ ಮೇಲೆ ಓಡಾಡಿಸಿ ಬಣ್ಣ ತುಂಬಿ. ಈ ಮಿತಿಗಳನ್ನೇ ಏಕೆ ಹಿಡಿಯಬೇಕು? ಶೇ. 1ಕ್ಕಿಂತ ಕಡಿಮೆ ಇದ್ದಲ್ಲಿ ಹುಲ್ಲಿನ ಮೇಲೆ ನೀರು ನಿಲ್ಲುತ್ತದೆ. ಶೇ. 5 ದಾಟಿದರೆ ಕಾಲುದಾರಿಯನ್ನು ರ‍್ಯಾಂಪ್ ಎಂದೇ ಲೆಕ್ಕ ಹಾಕಬೇಕು. ಗಾಲಿಕುರ್ಚಿಯ ರ‍್ಯಾಂಪಿಗೆ 1:12, ಅಂದರೆ ಶೇ. 8.33 ಸಾಮಾನ್ಯ ಗರಿಷ್ಠ. ಹುಲ್ಲು ಕತ್ತರಿಸುವ ಯಂತ್ರ ಶೇ. 25ರವರೆಗೆ ಆರಾಮ, ಶೇ. 33ರಲ್ಲಿ ಅಪಾಯ. ಶೇ. 50 ಮೀರಿದ ಮಣ್ಣು ಕಲ್ಲುಗೋಡೆಯ ಆಸರೆ ಇಲ್ಲದೆ ನಿಲ್ಲುವುದು ಕಷ್ಟ. ಬಣ್ಣಗಳನ್ನು ಸುಮ್ಮನೆ ಸಮ ಭಾಗ ಮಾಡಿ 0-10, 10-20 ಎಂದು ಹಾಕಿದ ನಕ್ಷೆ ಚಂದ ಕಾಣುತ್ತದೆ, ಯಾವ ನಿರ್ಧಾರಕ್ಕೂ ಬರುವುದಿಲ್ಲ.

ನೀರು

ಸಾಧ್ಯವಾದರೆ ಮಳೆ ಬರುವಾಗಲೇ ಹೋಗಿ. ಆಗದಿದ್ದರೆ ಮಳೆ ನಿಂತ ಮರುದಿನ. ಗೋಡೆಯ ಮೇಲಿನ ಕೆಸರಿನ ಗೆರೆ, ಬೇಲಿಗೆ ಸಿಕ್ಕಿದ ಕಸ, ಬೇರು ಬಿಟ್ಟುಹೋದ ಮಣ್ಣು, ಪಾಚಿ ಹಿಡಿದ ನೆಲ, ಇವು ಕಾಂಟೂರ್ ಹೇಳದ್ದನ್ನು ಹೇಳುತ್ತವೆ. ಲೆಕ್ಕ ಸುಲಭ: 1 ಚ.ಮೀ. ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್. 1200 ಚ.ಮೀ. ಕಲ್ಲುಹಾಸಿನ ಮೇಲೆ ಗಂಟೆಗೆ 40 ಮಿ.ಮೀ. ಬಿದ್ದು ಅದರ 0.85 ಭಾಗ ಹರಿದರೆ ಗಂಟೆಗೆ 40,800 ಲೀಟರ್, ಸೆಕೆಂಡಿಗೆ 11 ಲೀಟರ್ ಚಿಲ್ಲರೆ. ಪಕ್ಕದವರ ಜಾಗದಿಂದ ಹರಿದು ಬರುವುದನ್ನೂ ಸೇರಿಸಿ. ಚರಂಡಿ ತುಂಬುವುದು ಎಷ್ಟೋ ಕಡೆ ಆ ಲೆಕ್ಕ ಬಿಟ್ಟದ್ದರಿಂದ.

ಇಂಗುವಿಕೆಗೆ 30 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಗುಂಡಿ ತೋಡಿ, ಒಮ್ಮೆ ತುಂಬಿಸಿ ಪೂರ್ತಿ ಇಂಗಲು ಬಿಡಿ, ಎರಡನೆಯ ಸಲ ತುಂಬಿಸಿ ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. ಒಣ ಮಣ್ಣು ಮೊದಲ ಸಲ ಬಾಯಾರಿದಂತೆ ಕುಡಿಯುತ್ತದೆ, ಆ ಅಂಕಿ ಲೆಕ್ಕಕ್ಕಿಲ್ಲ. ಗಂಟೆಗೆ 10 ಮಿ.ಮೀ.ಗಿಂತ ಕಡಿಮೆ ಆದರೆ ಇಂಗುಗುಂಡಿಯ ಯೋಚನೆ ಬಿಡಿ. ಗುಂಡಿಯ ಬದಿಯಿಂದಲೂ ನೀರು ಇಂಗುವುದರಿಂದ ಸಿಕ್ಕ ಅಂಕಿ ನಿಜಕ್ಕಿಂತ ಹೆಚ್ಚೇ. ವಿನ್ಯಾಸಕ್ಕೆ ಅರ್ಧ ಹಿಡಿಯಿರಿ.

ಮಣ್ಣು

ಮೇಲಿನ ಪದರ ನೋಡಿ ಮರುಳಾಗಬೇಡಿ. ಕಟ್ಟಡ ಎದ್ದ ಜಾಗದಲ್ಲಿ 20 ಸೆಂ.ಮೀ. ಕೆಂಪು ಮಣ್ಣಿನ ಕೆಳಗೆ ಸಿಮೆಂಟ್ ಗಟ್ಟಿ, ಇಟ್ಟಿಗೆ ಚೂರು, ರೋಲರ್ ಹಾಯಿಸಿದ ಪದರ ಸಿಗುತ್ತದೆ. ಮರ ನೆಡುವ ಕಡೆಯಲ್ಲೆಲ್ಲ 1 ಮೀ. ಆಳ ತೋಡಿಸಿ ನೋಡಿ. ಬೂದು ಮತ್ತು ತುಕ್ಕು ಬಣ್ಣದ ಮಚ್ಚೆಗಳಿದ್ದರೆ ಆ ಆಳಕ್ಕೆ ವರ್ಷದ ಒಂದು ಭಾಗ ನೀರು ನಿಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಗಾಳಿ ಇಲ್ಲ.

ರಚನೆ ತಿಳಿಯಲು ಒದ್ದೆ ಮಣ್ಣನ್ನು ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿಯಂತೆ ಒತ್ತಿ ಹೊರಡಿಸಿ. ಪಟ್ಟಿಯೇ ಆಗದಿದ್ದರೆ ಮರಳು, 2.5 ಸೆಂ.ಮೀ.ಗೆ ಮುಂಚೆ ಮುರಿದರೆ ಗೋಡು, 5 ಸೆಂ.ಮೀ. ದಾಟಿ ತೂಗಿದರೆ ಜೇಡಿ. ಬಾಟಲಿ ಪರೀಕ್ಷೆಯೂ ಇದೆ: ಮೂರನೆಯ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಸೋಪಿನ ಪುಡಿ, 5 ನಿಮಿಷ ಕುಲುಕಿ ಇಡಿ. ನಿಮಿಷದಲ್ಲಿ ಮರಳು, ಒಂದೆರಡು ಗಂಟೆಯಲ್ಲಿ ರೇವೆ, ಒಂದೆರಡು ದಿನದಲ್ಲಿ ಜೇಡಿ ಕೂರುತ್ತದೆ. ಲ್ಯಾಬಿಗೆ ಕಳಿಸಲು ಅಂಕುಡೊಂಕಾಗಿ ನಡೆದು 10-15 ಕಡೆ, 15-20 ಸೆಂ.ಮೀ. ಆಳದಿಂದ ತೆಗೆದು ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಸಾಡುತ್ತಾ ಅರ್ಧ ಕಿಲೊಗೆ ಇಳಿಸಿ. ಕಟ್ಟಡದ ಪಕ್ಕದ ಮಣ್ಣನ್ನು ಇದಕ್ಕೆ ಬೆರೆಸಬೇಡಿ. ಉದುರಿದ ಸಿಮೆಂಟಿನಿಂದ ಅಲ್ಲಿನ ಪಿಎಚ್ ಏರಿರುತ್ತದೆ. ಅದನ್ನು ಬೇರೆ ಚೀಲದಲ್ಲಿ ಕಳಿಸಿ.

ಮರ

ಪ್ರತಿ ಮರಕ್ಕೂ ನಂಬರ್, ಜಾತಿ, ಕಾಂಡದ ಸುತ್ತಳತೆ, ನಾಲ್ಕು ದಿಕ್ಕಿಗೆ ಹರಡಿದ ಕೊಂಬೆ, ಬುಡದ ಲೆವೆಲ್, ಆರೋಗ್ಯ. ಹರವನ್ನು ನಾಲ್ಕು ದಿಕ್ಕಿಗೂ ಬೇರೆಬೇರೆ ಅಳೆಯಿರಿ, ನಿಜವಾದ ಮರ ದುಂಡಗಿರುವುದಿಲ್ಲ. ಕಾಂಡವನ್ನು ಅಮೆರಿಕದಲ್ಲಿ 1.37 ಮೀ., ಬ್ರಿಟಿಷ್ ಮಾನದಂಡ ಬಿಎಸ್ 5837ರಲ್ಲಿ 1.5 ಮೀ. ಎತ್ತರದಲ್ಲಿ ಅಳೆಯುತ್ತಾರೆ; ನೀವು ಯಾವುದು ಹಿಡಿದಿರೆಂದು ಬರೆಯಿರಿ. ಇಳಿಜಾರಿನಲ್ಲಿ ಮರದ ಏರುಬದಿಯಲ್ಲಿ ನಿಂತು ಅಳೆಯಿರಿ. ಸುತ್ತಳತೆ 141 ಸೆಂ.ಮೀ. ಇದ್ದರೆ ವ್ಯಾಸ 45 ಸೆಂ.ಮೀ. ಅದೇ ಬ್ರಿಟಿಷ್ ಮಾನದಂಡದಂತೆ ಬೇರು ಕಾಯಬೇಕಾದ ವೃತ್ತದ ತ್ರಿಜ್ಯ ವ್ಯಾಸದ 12 ಪಟ್ಟು, ಅಂದರೆ 5.4 ಮೀ. ಆ ವೃತ್ತವನ್ನು ಸರ್ವೆ ನಕ್ಷೆಯ ಮೇಲೇ ಬರೆಯಿರಿ. ಅದರೊಳಗೆ ಅಗೆತ ಬೇಡ, ಮಣ್ಣು ಏರಿಸುವುದೂ ಬೇಡ: ಬೇರಿನ ಮೇಲೆ ಹೇರಿದ ಮಣ್ಣು ಗಾಳಿಯನ್ನು ಕಸಿಯುತ್ತದೆ, ಮರ ಮಾತ್ರ ಮೂರ್ನಾಲ್ಕು ವರ್ಷ ಕಳೆದು ಒಣಗುವುದರಿಂದ ಕಾರಣ ಯಾರಿಗೂ ನೆನಪಿರುವುದಿಲ್ಲ.

ಬಿಸಿಲು, ಗಾಳಿ

ಮಧ್ಯಾಹ್ನದ ಸೂರ್ಯನ ಎತ್ತರ = 90 − ಅಕ್ಷಾಂಶ + ಸೂರ್ಯನ ಓರೆ. ಈ ಓರೆ, ಅಂದರೆ ಸಮಭಾಜಕದಿಂದ ಸೂರ್ಯ ಸರಿದ ಕೋನ, ಜೂನ್ 21ಕ್ಕೆ +23.5, ಡಿಸೆಂಬರ್ 21ಕ್ಕೆ −23.5. ಉತ್ತರ 40 ಅಕ್ಷಾಂಶದಲ್ಲಿ ಡಿಸೆಂಬರ್‌ನ ಸೂರ್ಯ 26.5 ಡಿಗ್ರಿ, 10 ಮೀ. ಗೋಡೆಯ ನೆರಳು 20 ಮೀ. ಉತ್ತರ 15ರಲ್ಲಿ 51.5 ಡಿಗ್ರಿ, ನೆರಳು 8 ಮೀ. ಆದರೆ ಅದೇ 15ರಲ್ಲಿ ಜೂನ್‌ಗೆ ಲೆಕ್ಕ 98.5 ಬರುತ್ತದೆ, ಅಂದರೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿದ್ದಾನೆ, ನೆರಳು ದಕ್ಷಿಣಕ್ಕೆ ಒಂದೂವರೆ ಮೀಟರ್. "ಉತ್ತರ ಗೋಡೆಗೆ ಬಿಸಿಲಿಲ್ಲ" ಎಂಬ ಮಾತು ಉಷ್ಣವಲಯದಲ್ಲಿ ಸುಳ್ಳು. ದಿಕ್ಸೂಚಿ ತೋರಿಸುವುದು ಕಾಂತೀಯ ಉತ್ತರ, ನಿಜ ಉತ್ತರವಲ್ಲ; ಕಬ್ಬಿಣದ ಬೇಲಿ ಪಕ್ಕದಲ್ಲಿ ಅದೂ ಅಲ್ಲ. ಖಚಿತ ಬೇಕಿದ್ದರೆ ಕೋಲು ನೆಟ್ಟು ಸುತ್ತ ವೃತ್ತ ಎಳೆಯಿರಿ. ಬೆಳಿಗ್ಗೆ ಮತ್ತು ಮಧ್ಯಾಹ್ನದ ನಂತರ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಎರಡು ಬಿಂದು ಸೇರಿಸಿದ ಗೆರೆ ಪೂರ್ವ-ಪಶ್ಚಿಮ.

ಗಾಳಿತಡೆಯ ಪ್ರಭಾವ ಅದರ ಎತ್ತರದ ಸುಮಾರು 10 ಪಟ್ಟು ದೂರದವರೆಗೆ. ಪೂರ್ತಿ ಮುಚ್ಚಿದ ಗೋಡೆಗಿಂತ ಅರ್ಧದಷ್ಟು ಸಂದು ಇರುವ ಮರಸಾಲು ಮೇಲು. ಗೋಡೆಯ ಹಿಂದೆ ಗಾಳಿ ಸುಳಿ ಕಟ್ಟುತ್ತದೆ.

ವಿಶ್ಲೇಷಣೆ

1960ರ ದಶಕದಲ್ಲಿ ಭೂದೃಶ್ಯ ವಿನ್ಯಾಸಕ ಇಯಾನ್ ಮ್ಯಾಕ್‌ಹಾರ್ಗ್ ಪ್ರಸಿದ್ಧಗೊಳಿಸಿದ ರೀತಿ ಈಗಲೂ ನಡೆಯುತ್ತದೆ: ಇಳಿಜಾರು, ನೀರು, ಮಣ್ಣು, ಮರ ಒಂದೊಂದಕ್ಕೂ ಒಂದು ಪಾರದರ್ಶಕ ಹಾಳೆ, ಅಡ್ಡಿ ಹೆಚ್ಚಿದ್ದಲ್ಲಿ ಗಾಢ ಬಣ್ಣ, ಎಲ್ಲವನ್ನೂ ಒಂದರ ಮೇಲೊಂದು ಇಟ್ಟಾಗ ತಿಳಿ ಉಳಿದದ್ದು ಕಟ್ಟಲು ಯೋಗ್ಯ. ಕ್ಯಾಡ್ (ಕಂಪ್ಯೂಟರ್ ನಕ್ಷೆ) ಪದರಗಳಲ್ಲೂ ಇದನ್ನೇ ಮಾಡಿ. ಒಂದು ಎಚ್ಚರ: ಕಡಿದಾದ ಇಳಿಜಾರು, ತೆಳು ಮಣ್ಣು, ಕೊರೆತ ಇವು ಮೂರು ಬೇರೆ ಸಂಗತಿಗಳಂತೆ ಕಂಡರೂ ಎಷ್ಟೋ ಕಡೆ ಒಂದೇ ಸಂಗತಿ. ಮೂರಕ್ಕೂ ಅಂಕ ಕೊಟ್ಟು ಕೂಡಿಸಿದರೆ ಒಂದೇ ತಪ್ಪಿಗೆ ಮೂರು ಸಲ ಶಿಕ್ಷೆ. ಇನ್ನು ಕೆಲವು ಅಡ್ಡಿಗಳು ಕೂಡಿಸುವಂಥವೇ ಅಲ್ಲ. ಹೈಟೆನ್ಷನ್ ತಂತಿಯ ಕೆಳಗಿನ ಜಾಗಕ್ಕೆ ಮಣ್ಣು ಎಷ್ಟೇ ಒಳ್ಳೆಯದಿದ್ದರೂ ಎತ್ತರದ ಮರ ಬರದು. ಅದನ್ನು ಮೊದಲೇ ಕತ್ತರಿಸಿ ಹಾಕಿ.

ಬಣ್ಣ ತುಂಬಿದ ನಕ್ಷೆಯ ಪಕ್ಕದಲ್ಲಿ ಪ್ರತಿ ದಾಖಲೆಗೂ "ಹಾಗಾದರೆ?" ಎಂಬ ಒಂದು ಸಾಲು ಬರೆಯಿರಿ. ಮೇಲೆ ಅಳೆದ ಮ್ಯಾನ್‌ಹೋಲನ್ನೇ ತೆಗೆದುಕೊಳ್ಳಿ. ಮುಚ್ಚಳ 97.815, ತೆರೆದು ಒಳಗಿನ ಪೈಪಿನ ತಳಕ್ಕೆ ಟೇಪ್ ಇಳಿಸಿದರೆ 1.050, ಹಾಗಾಗಿ ತಳದ ಲೆವೆಲ್ 96.765. ಒಳಗೆ ಇಳಿಯಬೇಡಿ, ವಿಷಾನಿಲ ಇರುತ್ತದೆ. ಮೇಲಿನಿಂದಲೇ ಸ್ಟಾಫ್ ಅಥವಾ ಟೇಪ್ ಬಿಡಿ. 40 ಮೀ. ದೂರದಲ್ಲಿ ತಗ್ಗಿನ ಹುಲ್ಲುಹಾಸು ಬರಬೇಕು ಎಂದು ಮಾಲೀಕರ ಆಸೆ, ಅಲ್ಲಿನ ನೆಲ 97.300. ಅಲ್ಲಿಂದ ಮ್ಯಾನ್‌ಹೋಲಿಗೆ ನೀರು ಒಯ್ಯುವ ಪೈಪಿಗೆ 1:100 ಇಳಿತ ಕೊಟ್ಟರೆ 40 ಮೀ.ಗೆ 0.400 ಬೇಕು, ಆ ತುದಿಯಲ್ಲಿ ಪೈಪಿನ ತಳ 97.165. ನೆಲದಿಂದ ಬರೀ 13.5 ಸೆಂ.ಮೀ. ಕೆಳಗೆ. 100 ಮಿ.ಮೀ. ಪೈಪ್ ಅಲ್ಲಿ ಹೂತರೂ ಮೇಲೆ ಮಣ್ಣು ಎರಡು ಮೂರು ಬೆರಳು. ಮೊದಲ ಸಲಿಕೆ ಏಟಿಗೆ ಒಡೆಯುತ್ತದೆ. ಹಾಗಾದರೆ? ಒಂದೋ ಹುಲ್ಲುಹಾಸು ಕನಿಷ್ಠ 30 ಸೆಂ.ಮೀ. ಮೇಲೇರಬೇಕು, ಇಲ್ಲವೇ ನೀರು ಬೇರೆ ಕಡೆ ಹೋಗಬೇಕು, ಇಲ್ಲವೇ ಅಲ್ಲೇ ಇಂಗಬೇಕು. ಗುಂಡಿ ಪರೀಕ್ಷೆಯಲ್ಲಿ ಗಂಟೆಗೆ 6 ಮಿ.ಮೀ. ಬಂದಿದ್ದರೆ ಮೂರನೆಯ ದಾರಿ ಮುಚ್ಚಿತು. ಹತ್ತಿರದಲ್ಲೇ ಉಳಿಸಬೇಕಾದ ಮರದ 5.4 ಮೀ. ವೃತ್ತ ಇದ್ದರೆ ಮೊದಲನೆಯದೂ ಅರ್ಧ ಮುಚ್ಚಿತು.

ಈ ಹಾಳೆ ಹಿಡಿದು ಇನ್ನೊಂದು ಸಲ ಜಾಗಕ್ಕೆ ಹೋಗಿ, ಬೇರೆ ಹೊತ್ತಿನಲ್ಲಿ. ಬೆಳಿಗ್ಗೆ ಅಳೆದಿದ್ದರೆ ಸಂಜೆ ಹೋಗಿ: ಜನ ಕಾಲುದಾರಿ ಬಿಟ್ಟು ಎಲ್ಲಿ ಅಡ್ಡ ಹಾಯುತ್ತಾರೆ, ಪಶ್ಚಿಮದ ಬಿಸಿಲು ಯಾವ ಬೆಂಚನ್ನು ಸುಡುತ್ತದೆ, ಆಚೆ ರಸ್ತೆಯ ಸದ್ದು ಎಲ್ಲಿಯವರೆಗೆ ಬರುತ್ತದೆ ನೋಡಿ. ನಕ್ಷೆಯ ಮೇಲಿನ ಯಾವುದಾದರೂ ಮೂರು ಲೆವೆಲ್ ಆರಿಸಿ ಮತ್ತೆ ಓದಿ. ಒಂದಾದರೂ 2 ಸೆಂ.ಮೀ.ಗಿಂತ ಹೆಚ್ಚು ತಪ್ಪಿದ್ದರೆ ಆ ಕಡೆಯ ಇಡೀ ಸಾಲನ್ನು ಮತ್ತೆ ತೆಗೆಯಿರಿ. ಎಲ್ಲ ಕೂಡಿದರೆ ಹಾಳೆಯ ಮೂಲೆಯಲ್ಲಿ ತಾರೀಖು, ಬೆಂಚ್‌ಮಾರ್ಕ್ ಎಲ್ಲಿದೆ, ಉತ್ತರ ನಿಜದ್ದೋ ದಿಕ್ಸೂಚಿಯದ್ದೋ, ಯಾವ ಭಾಗ ಅಳೆಯಲಾಗಲಿಲ್ಲ ಎಂಬುದನ್ನು ಬರೆದು, ಆಮೇಲೆ ವಿನ್ಯಾಸಕ್ಕೆ ಟ್ರೇಸಿಂಗ್ ಕಾಗದ ಹಾಸಿ.